ಬೆಚ್ಚಿ ಹೆದರುವುದನ್ನು ಬಿಟ್ಟದ್ದು

ನೀರಿನವರ ಮನೆಯ ಬೆಕ್ಕು ಹೆದರುವುದನ್ನು ಬಿಟ್ಟಿದೆ ಎಂಬ ಸಂಗತಿ ಮೊಟ್ಟಮೊದಲು ತಿಳಿದದ್ದು ಕೆಳಮನೆಯ ನಾಯಿಗೆ.

ಆ ನಾಯಿಗೆ ಒಂದು ನಿತ್ಯವಿಧಿಯಿತ್ತು. ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು, ನೀರಿನವರ ಬಾಗಿಲ ಜಾಲರಿಗೆ ಮೂಗು ಒತ್ತಿ, ಒಂದು ಸಾರಿ ಗಟ್ಟಿಯಾಗಿ ಬೊಗಳುವುದು. ಒಳಗೆ ಪಾತ್ರೆಗಳು ಉರುಳಿ, ಬೆಕ್ಕು ಕಪಾಟಿನ ನೆತ್ತಿಗೆ ಹಾರಿದ ಸದ್ದು ಕೇಳಿದ ಮೇಲೆ ತೃಪ್ತಿಯಿಂದ ಇಳಿದು ಹೋಗುವುದು. ಆ ದಿನ ಬೊಗಳಿತು. ಸದ್ದಿಲ್ಲ. ಬೆಕ್ಕು ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಕೂತು ನಾಯಿಯನ್ನೇ ನೋಡುತ್ತಿತ್ತು. ನೋಡುತ್ತಿತ್ತೋ, ನಾಯಿಯ ಹಿಂದೆ ನಿಂತಿದ್ದ ಯಾರನ್ನಾದರೂ ನೋಡುತ್ತಿತ್ತೋ ಹೇಳುವುದು ಕಷ್ಟ. ನಾಯಿ ಒಮ್ಮೆ ಹಿಂದಕ್ಕೆ ತಿರುಗಿ ನೋಡಿತು. ಯಾರೂ ಇರಲಿಲ್ಲ. ಇನ್ನೊಂದು ಸಲ ಬೊಗಳಲು ಬಾಯಿ ತೆರೆದು, ಅರ್ಧ ಬೊಗಳಿ, ಉಳಿದರ್ಧವನ್ನು ನುಂಗಿಕೊಂಡು, ಬಾಲ ಮುದುರಿ ಹಿಂದು ಹಿಂದಕ್ಕೇ ಮೆಟ್ಟಿಲಿಳಿಯಿತು. ಆಮೇಲೆ ಮಂಚದ ಕೆಳಗೆ ಸೇರಿಕೊಂಡದ್ದು ಇಡೀ ದಿನ ಹೊರಗೆ ಬರಲಿಲ್ಲ.

ಅದರ ಯಜಮಾನಿ ಟೀಚರಮ್ಮ, ಶಾಲೆಯಿಂದ ನಿವೃತ್ತರಾದರೂ ವಿಚಾರಣೆ ಮಾಡುವುದರಿಂದ ನಿವೃತ್ತರಾಗದವರು, ಮಂಡಿ ಹಿಡಿದುಕೊಂಡು ಮೇಲೆ ಬಂದರು.

"ಏನ್ರೀ ಮಾಡಿದ್ರಿ ನಮ್ಮ ನಾಯಿಗೆ?"

"ನಾನೇನ್ ಮಾಡ್ಲಿ ಟೀಚರಮ್ಮ? ನಾನು ಹಲ್ಲುಜ್ತಾ ಇದ್ದೆ" ಎಂದರು ನೀರಿನವರು.

ನೀರಿನವರೆಂದರೆ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ವಾಲ್ವ್ ತಿರುಗಿಸುವ ಕೆಲಸದವರು. ಒಳ್ಳೆಯ ಮನುಷ್ಯ. ಭಗವಂತನಿಗೆ ಅಂಜಿ ನಡೆಯುವವರು. ಆದರೆ ಎಷ್ಟೋ ವರ್ಷ ಒಂದು ಕಬ್ಬಿಣದ ಚಕ್ರ ಹಿಡಿದು ಊರಿಗೆ ಊರನ್ನೇ ಮೀಯಿಸಿದ ಮೇಲೆ, ಲೋಕದ ಸಕಲ ಸಂಗತಿಯೂ ಒಂದು ಚಕ್ರ, ಒತ್ತಡ ತೋರಿಸುವ ಒಂದು ಮುಳ್ಳು, ಒಂದು ಕೊಳವೆ ಎಂಬ ನಂಬಿಕೆ ಅವರೊಳಗೆ ಗಟ್ಟಿಯಾಗಿಬಿಟ್ಟಿತ್ತು. ಮುಳ್ಳು ಮೇಲಿದ್ದರೆ ಎಲ್ಲ ಸರಿ, ಕೆಳಗಿದ್ದರೆ ಏನೋ ತಪ್ಪು.

ಬೆಕ್ಕು ಅವರದಲ್ಲ, ತೀರಿಕೊಂಡ ಹೆಂಡತಿಯದು. ಕೊಡೆ ಬಿಚ್ಚಿದರೆ, ಪೇಪರ್ ಮಡಿಸಿದರೆ, ತನ್ನದೇ ಬಾಲ ತನಗೆ ತಾಗಿದರೆ ಹೌಹಾರುತ್ತಿದ್ದ ಅದಕ್ಕೆ ಆಕೆ 'ಬೆಚ್ಚಿ' ಎಂದು ಹೆಸರಿಟ್ಟಿದ್ದರು. ಒಂದು ಕಾಲದಲ್ಲಿ ಬೆಚ್ಚಿಗೆ ಮೈಯೆಲ್ಲ ಕಡಿತ ಹತ್ತಿ, ಕೂದಲುದುರಿ, ಕಚ್ಚಿ ಕಚ್ಚಿ ರಕ್ತ ಬರಿಸಿಕೊಳ್ಳುತ್ತಿತ್ತು. ಪ್ರಾಣಿಗಳ ಡಾಕ್ಟರಮ್ಮ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಹೆಂಡತಿ ದಿನವೂ ಬೆಳಿಗ್ಗೆ ಎರಡು ಬೆರಳಲ್ಲಿ ದವಡೆ ಒತ್ತಿ, ಅಂಗಿಗೆ ಗುಂಡಿ ಹಾಕುವಷ್ಟು ಸಲೀಸಾಗಿ ಅದನ್ನು ನುಂಗಿಸುತ್ತಿದ್ದರು. ಕಡಿತ ಹೋಯಿತು, ಹಸಿವೆ ಹೆಚ್ಚಿತು, ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು. ಆಸ್ಪತ್ರೆಯ ಹಾಸಿಗೆಯಿಂದಲೂ ಆಕೆ ಹೇಳಿದ್ದು ಇಷ್ಟೆ: "ಬೆಚ್ಚೀನ ನೋಡ್ಕೊಳ್ಳಿ. ಮಾತ್ರೆ ತಪ್ಪಿಸ್ಬೇಡಿ." ಆ ಮನೆಯಲ್ಲಿ ಆಕೆಯ ಕೈತುತ್ತು ತಿಂದು ಬೆಳೆದ ಜೀವವೆಂದರೆ ಅದೊಂದೇ ಉಳಿದದ್ದು.

ನೀರಿನವರು ತಪ್ಪಿಸಬಾರದೆಂದೇ ಇದ್ದರು. ಆದರೆ ಅವರ ಬೆರಳುಗಳು ಗುಂಡಿ ಹಾಕುವ ಬೆರಳುಗಳಲ್ಲ, ಚಕ್ರ ತಿರುಗಿಸುವ ಬೆರಳುಗಳು. ಮಾತ್ರೆಯನ್ನು ಅನ್ನದಲ್ಲಿ ಹುದುಗಿಸಿದರೆ ಬೆಚ್ಚಿ ಅನ್ನವನ್ನೆಲ್ಲ ತಿಂದು ಮಾತ್ರೆಯನ್ನು ತೊಳೆದಿಟ್ಟಂತೆ ತಟ್ಟೆಯ ನಡುವೆ ಬಿಡುತ್ತಿತ್ತು. ಬಾಯಿ ತೆರೆಸಹೋದರೆ ಮೊಣಕೈವರೆಗೆ ಗೀರು. ಹಾಗೂ ಹೀಗೂ ನುಂಗಿಸುತ್ತ ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಬೆಕ್ಕಿನ ಮೈ ನೋಡಿದರು. ಹೊಳೆಯುವ ಕೂದಲು, ಎಲ್ಲೂ ಗಾಯವಿಲ್ಲ. ಮುಳ್ಳು ಮೇಲಿದೆ! ತೊಟ್ಟಿ ತುಂಬಿದ ಮೇಲೂ ಮೋಟಾರು ಓಡಿಸುವ ದಡ್ಡ ಯಾರು? ಮಾತ್ರೆಯ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದರು.

ಆ ವಾರ ನಾದಿನಿ ಬಂದಳು. ಅಕ್ಕ ಹೋದಮೇಲೆ ಭಾವನನ್ನೂ ಬೆಕ್ಕನ್ನೂ ತಪಾಸಣೆ ಮಾಡಿ ಹೋಗುವುದು ಅವಳ ವಾಡಿಕೆ.

"ಮಾತ್ರೆ ಕೊಡ್ತಿದೀರಾ ಭಾವ?"

"ಅದಕ್ಕಿನ್ನು ಮಾತ್ರೆ ಬೇಡಮ್ಮ. ಪೂರ್ತಿ ಗುಣ ಆಗಿದೆ."

"ಡಾಕ್ಟ್ರು ಹೇಳಿದ್ರಾ?"

"ಹೂಂ."

ಹೂಂ ಎಂಬುದು ಪೂರ್ತಿ ಮಾತಲ್ಲ, ತುಟಿ ಮುಚ್ಚಿಕೊಂಡು ಉಸಿರು ಬಿಟ್ಟಂತೆ, ಆದ್ದರಿಂದ ಅದು ಸುಳ್ಳಿನ ಲೆಕ್ಕಕ್ಕೆ ಬರಲಾರದು ಎಂದು ನೀರಿನವರು ಅಂದು ಸಂಜೆ ಪ್ರಾರ್ಥನೆಯಲ್ಲಿ ದೇವರಿಗೆ ವಿವರಿಸಿದರು.

ಅದಾದ ಕೆಲವೇ ದಿನಕ್ಕೆ ಮೇಲೆ ಹೇಳಿದ ನಾಯಿಯ ಪ್ರಸಂಗ ನಡೆದದ್ದು.

ಟೀಚರಮ್ಮ ಜಗಳಕ್ಕೆಂದು ಬಂದವರು ಬೆಕ್ಕನ್ನು ನೋಡಿ ಸುಮ್ಮನಾದರು. ಚಪ್ಪಾಳೆ ತಟ್ಟಿದರು. ಅಲುಗಲಿಲ್ಲ. ತಟ್ಟೆ ಬೀಳಿಸಿದರು. ಕಿವಿಯೂ ತಿರುಗಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಅದರ ಕಣ್ಣಿಗೆ ಕಣ್ಣಿಟ್ಟರು. ಎದೆ ಢವಗುಟ್ಟುವ ಕಾಯಿಲೆಯಿಂದ ವರ್ಷಗಟ್ಟಲೆ ಸರಿಯಾಗಿ ಮಲಗದಿದ್ದ ಆ ಹೆಂಗಸು ಕೂತಲ್ಲೇ ಬಾಯಿ ತೆರೆದುಕೊಂಡು ನಿದ್ದೆಹೋದರು.

ಎದ್ದಾಗ ಅವರ ದನಿಯೇ ಬದಲಾಗಿತ್ತು. "ಏನ್ರೀ ಇದು? ಪ್ರಪಂಚ ಕಂಡ್ರೆ ನಡುಗ್ತಿದ್ದ ಬೆಕ್ಕು, ಹೀಗೆ ಹೇಗಾಯ್ತು?"

ಇಲ್ಲಿ ನೀರಿನವರು "ಗೊತ್ತಿಲ್ಲ" ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಬಹಳ ದಿನಗಳ ಮೇಲೆ ಒಬ್ಬರು ಅವರ ಮನೆಯಲ್ಲಿ ಸುಖವಾಗಿ ನಿದ್ದೆ ಮಾಡಿದ್ದರು.

"ಏನಿಲ್ಲ. ದಿನಾ ಬೆಳಿಗ್ಗೆ ಅದರ ಎದುರಿಗೆ ಕೂತು ಧ್ಯಾನ ಮಾಡ್ತೀನಿ. ಅದಕ್ಕೂ ಸ್ವಲ್ಪ ಬಂದಿರಬೇಕು."

ಮರುದಿನ ಟೀಚರಮ್ಮನ ಜೊತೆ ಕಟ್ಟಡದ ಕಾರ್ಯದರ್ಶಿಗಳು ಬಂದರು. ಇವರು ಗ್ಯಾಸ್ ಸೋರೀತು, ವೈರ್ ಸುಟ್ಟೀತು, ಯಾರೋ ತಮ್ಮ ಮೇಲೆ ಅರ್ಜಿ ಹಾಕಿಯಾರು ಎಂದು ಹಗಲೆಲ್ಲ ಬೀಗದ ಕೈಗಳ ಗೊಂಚಲು ಹಿಡಿದು ಮೆಟ್ಟಿಲು ಹತ್ತಿ ಇಳಿಯುವವರು. ಬೆಚ್ಚಿಯ ಎದುರು ಕೂತರು. ಎದ್ದು ಹೋಗಿ ಅಂದಿನ ಸಭೆಯಲ್ಲಿ ಯಾರ ಮೇಲೂ ಕೂಗಾಡಲಿಲ್ಲ. ಅದನ್ನು ಕಂಡು ಕಟ್ಟಡಕ್ಕೆ ಕಟ್ಟಡವೇ ದಂಗಾಯಿತು.

ಆಮೇಲೆ ಬಾಗಿಲ ಹೊರಗೆ ಚಪ್ಪಲಿಗಳು ಸಾಲುಗಟ್ಟಿದವು. ಒಳಗೆ ಜನ ಗೋಡೆಗೊರಗಿ ಕೂರುತ್ತಿದ್ದರು. ಯಾರೂ ಹೇಳದಿದ್ದರೂ ಪಿಸುದನಿ ತಾನಾಗಿ ಬಂತು, ಪಿಸುದನಿಯೂ ಕ್ರಮೇಣ ನಿಂತಿತು. ಎಷ್ಟು ನಿಶ್ಶಬ್ದವೆಂದರೆ ಗೋಡೆಯೊಳಗಿನ ಕೊಳವೆಯಲ್ಲಿ ನೀರು ಇಳಿಯುವುದು ಕೇಳಿಸುತ್ತಿತ್ತು. ಬೆಚ್ಚಿ ಮಾತ್ರ ಎದುರು ಗೋಡೆಯ ಮೂಲೆಯನ್ನು ನೋಡುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಆದರೂ ಆ ಮೂಲೆಗೆ ಬೆನ್ನು ಹಾಕಿ ಕೂರಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಂದು ನೊಣ ಬಂದು ಅದರ ಮೀಸೆಯ ಮೇಲೆ ಕೂತು, ಮೂಗು ದಾಟಿ, ಕಣ್ಣಿನ ಅಂಚಿಗೆ ನಡೆದುಕೊಂಡು ಹೋಯಿತು. ರೆಪ್ಪೆ ಬಡಿಯಲಿಲ್ಲ.

"ನೋಡಿದ್ರಾ? ದೇಹದ ಮೇಲಿನ ಆಸೇನೇ ಹೋಗಿದೆ" ಎಂದರು ಟೀಚರಮ್ಮ, ಕಣ್ಣಲ್ಲಿ ನೀರು ತಂದುಕೊಂಡು.

ನಾದಿನಿ ಬಂದವಳು ಜನರನ್ನು ದಾಟಿಕೊಂಡು ಹೋಗಿ ಬೆಕ್ಕಿನ ಕಿವಿ ಮುಟ್ಟಿ ನೋಡಿದಳು.

"ಭಾವ, ಕಿವಿ ತಣ್ಣಗಿದೆ."

"ಶಾಂತಿ ಅನ್ನೋದು ತಣ್ಣಗೇ ಇರೋದಮ್ಮ" ಎಂದರು ಕಾರ್ಯದರ್ಶಿಗಳು.

"ಊಟ ಮಾಡ್ತಿದೆಯಾ?"

"ಮಿತಾಹಾರ" ಎಂದರು ಟೀಚರಮ್ಮ.

"ನಾನು ಭಾವನ್ನ ಕೇಳ್ತಿರೋದು. ನೀರು ಕುಡೀತಿದೆಯಾ?"

"ಮೊದಲಿನಷ್ಟಿಲ್ಲ" ಎಂದರು ನೀರಿನವರು ಕಾಲ ಬೆರಳು ನೋಡಿಕೊಳ್ಳುತ್ತ. "ಅದೂ ಒಳ್ಳೇದೇ ಅಲ್ವಾ? ಮೊದಲು ಕೆರೆ ಕುಡಿದ ಹಾಗೆ ಕುಡೀತಿತ್ತು."

ನಾದಿನಿ ಏನೋ ಹೇಳಹೋದಳು. ಗೋಡೆಯ ಕಡೆಯಿಂದ ನಾಲ್ಕಾರು ಜನ "ಶ್" ಎಂದರು.

ಅಂದು ಸಂಜೆ ಎಲ್ಲರೂ ಹೋದಮೇಲೆ ನೀರಿನವರು ಬೆಕ್ಕಿನ ಮುಂದೆ ಮಂಡಿಯೂರಿ ಕೂತರು. ಎದೆ ಏರಿ ಇಳಿಯುತ್ತಿದೆಯೇ ಎಂದು ಬಗ್ಗಿ ನೋಡಬೇಕಾಯಿತು. ಪೇಪರನ್ನು ಪರಪರನೆ ಮಡಿಸಿದರು. ಕೊಡೆ ತಂದು ಮೂಗಿನ ಮುಂದೆ ಫಟ್ಟನೆ ಬಿಚ್ಚಿದರು. ಬೆಚ್ಚಿ ನಿಧಾನವಾಗಿ ಕಣ್ಣು ತಿರುಗಿಸಿ ಕೊಡೆಯನ್ನು ನೋಡಿತು, ಬಹುದೂರ ಹೋಗಿಬಿಟ್ಟವರು ಅಲ್ಲಿಂದ ತಿರುಗಿ ನೋಡುವ ಹಾಗೆ. ಆಸ್ಪತ್ರೆಯಲ್ಲಿ ಕೊನೆಯ ದಿನ ಹೆಂಡತಿಯೂ ಅವರನ್ನು ಹೀಗೇ ನೋಡಿದ್ದರು.

"ಹೆದರೇ ತಾಯಿ" ಎಂದರು ನೀರಿನವರು. "ಒಂದ್ಸಲ ಹೆದರು. ಸ್ವಲ್ಪ ಹೆದರಿದ್ರೂ ಸಾಕು."

ಎದ್ದು ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿದರು. ಮುಚ್ಚಳ ತೆರೆಯುವಷ್ಟರಲ್ಲಿ ಹೊರಗೆ ಟೀಚರಮ್ಮನ ದನಿ: "ಒಂದೈದು ನಿಮಿಷ ಕೂತು ಹೋಗ್ತೀನ್ರೀ!" ಧ್ಯಾನದಿಂದ ಬೆಕ್ಕನ್ನು ಸಾಧುವಾಗಿಸಿದ ಮನುಷ್ಯ ಕೈಯಲ್ಲಿ ಮಾತ್ರೆ ಹಿಡಿದು ಸಿಕ್ಕಿಬಿದ್ದರೆ ಮರ್ಯಾದೆ ಉಳಿದೀತೇ? ಡಬ್ಬಿ ಜೇಬಿಗೆ ಹೋಯಿತು. ಅಲ್ಲೇ ಉಳಿಯಿತು.

ಸುದ್ದಿ ಪಂಪ್‌ಹೌಸಿಗೂ ಮುಟ್ಟಿತು. ಅಲ್ಲಿ ಇತ್ತೀಚೆಗೆ ಯಾರೋ ಅವಸರದಲ್ಲಿ ವಾಲ್ವ್ ಮುಚ್ಚಿ ದೊಡ್ಡ ಕೊಳವೆ ಒಡೆದು, ಸಿಬ್ಬಂದಿಯೆಲ್ಲ ಬೈಸಿಕೊಂಡು ಕಂಗಾಲಾಗಿತ್ತು. ಇಂಜಿನಿಯರ್ ಸಾಹೇಬರು ನೀರಿನವರನ್ನು ಕರೆಸಿದರು.

"ನಾಳೆ ಬೆಕ್ಕನ್ನ ತನ್ನಿ. ನಮ್ಮ ಹುಡುಗರಿಗೆ ಧೈರ್ಯ ಅಂದ್ರೆ ಏನು ಅಂತ ತೋರಿಸ್ಬೇಕು."

"ಸಾರ್, ಅದಕ್ಕೆ ಸ್ವಲ್ಪ ಮೈ ಹುಷಾರಿಲ್ಲ ಅನ್ಸುತ್ತೆ..."

"ಧ್ಯಾನದ ಬೆಕ್ಕಿಗೆ ಎಂಥಾ ಮೈ, ಎಂಥಾ ಹುಷಾರು! ತನ್ನಿ."

ಮರುದಿನ ಪಂಪ್‌ಹೌಸಿನ ಮೇಜಿನ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬೆಚ್ಚಿ. ಸುತ್ತ ಸಿಬ್ಬಂದಿ. ಟೀಚರಮ್ಮ, ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲಿ, ಮನೆಯವರಂತೆ. ನಾದಿನಿ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ಚಿಕ್ಕ ಭಾಷಣ ಮಾಡಿ, ತೊಟ್ಟಿ ತುಂಬಿ ಚೆಲ್ಲುವಾಗ ಕೂಗುವ ಸೈರನ್ ಒತ್ತಿಸಿದರು.

ಸೈರನ್ ಎದ್ದಿತು. ಕಿಟಕಿಯ ಗಾಜು ಗಡಗಡಿಸಿತು. ಅದನ್ನು ದಿನವೂ ಕೇಳುವ ಜನವೇ ಕಿವಿ ಮುಚ್ಚಿಕೊಂಡರು. ಭಾಷಣ ಮಾಡಿದ ಸಾಹೇಬರು ಭಾಷಣ ಬರೆದ ಕಾಗದದಿಂದಲೇ ಕಿವಿ ಮುಚ್ಚಿಕೊಂಡರು. ಬೆಚ್ಚಿ ಕದಲಲಿಲ್ಲ. ಕಣ್ಣಿನ ಪಾಪೆ ಮಾತ್ರ ದೊಡ್ಡದಾಗಿ, ಇಡೀ ಕಣ್ಣು ಕಪ್ಪಾಗಿ, ಹಾಗೇ ನಿಂತಿತು. ಸೈರನ್ ನಿಂತಿತು. ಚಪ್ಪಾಳೆಯೋ ಚಪ್ಪಾಳೆ.

ಆ ಚಪ್ಪಾಳೆಯ ನಡುವೆ ಬೆಚ್ಚಿಯ ತಲೆ ತೊಟ್ಟಿಯ ನೀರು ಇಳಿದಂತೆ ಮೆಲ್ಲಗೆ ಇಳಿಯತೊಡಗಿತು. ಮುಂಗಾಲುಗಳು ಮುಂದಕ್ಕೆ ಜಾರಿದವು. ಗಲ್ಲ ಮೇಜಿಗೆ ತಾಗಿತು.

"ನಮಸ್ಕಾರ ಮಾಡ್ತಿದೆ!" ಎಂದು ಕೂಗಿದರು ಸಾಹೇಬರು. ಇಡೀ ಪಂಪ್‌ಹೌಸ್ ಕೈ ಮುಗಿಯಿತು.

"ನಮಸ್ಕಾರ ಅಲ್ರೀ ಅದು!" ಬಾಗಿಲಿನಿಂದ ನಾದಿನಿ ಚೀರಿದಳು. "ಸಾಯ್ತಿದೆ ಅದು! ಭಾವ, ಸಾಯ್ತಿದೆ!"

ಬೆಚ್ಚಿಯ ಬಾಯಿಂದ ಒಂದಿಷ್ಟು ಹಳದಿ ನೀರು ಬಂತು. ಮುಗಿದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಮುಗಿದೇ ಉಳಿದವು.

ಸಾಹೇಬರ ಜೀಪಿನಲ್ಲಿ ಹಿಡಿಸುವಷ್ಟು ಜನ, ಹಿಡಿಸದಷ್ಟು ಜನ, ಎಲ್ಲರೂ ಡಾಕ್ಟರಮ್ಮನ ಕೊಠಡಿಗೆ ನುಗ್ಗಿದರು. ಡಾಕ್ಟರಮ್ಮ ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿ ಎದೆಗೆ ಕೊಳವೆಯಿಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು.

"ಮೈ ಬಿಸಿ ಪೂರ್ತಿ ಇಳಿದಿದೆ. ಹೃದಯ ಮೆಲ್ಲಗೆ ಹೊಡ್ಕೊಳ್ತಿದೆ. ಏನಾದ್ರೂ ಔಷಧಿ ನಡೀತಿತ್ತಾ?"

"ಔಷಧಿ ಇಲ್ಲ. ಧ್ಯಾನ ಮಾತ್ರ" ಎಂದರು ಟೀಚರಮ್ಮ.

"ಯಾರ್ದು?"

"ಬೆಕ್ಕಿಂದೇ."

ಡಾಕ್ಟರಮ್ಮ ಅವರನ್ನು ಒಂದು ಕ್ಷಣ ನೋಡಿ, ನೀರಿನವರ ಕಡೆ ತಿರುಗಿದರು. "ಇದನ್ನ ನಿಮ್ಮ ಮನೆಯವರು ಕರ್ಕೊಂಡು ಬರ್ತಿದ್ರು ಅಲ್ವಾ? ಮಾತ್ರೆ ಕೊಡ್ತಿದೀರಾ? ಬೇಗ ಹೇಳಿ. ಅದು ಗೊತ್ತಾಗದೆ ನಾನು ಏನ್ ಚುಚ್ಚಿದ್ರೂ ಕತ್ತಲಲ್ಲಿ ಚುಚ್ಚಿದ ಹಾಗೆ."

ನೀರಿನವರು ಸುತ್ತ ನೋಡಿದರು. ಸಾಹೇಬರು. ಟೀಚರಮ್ಮ. ಕಾರ್ಯದರ್ಶಿಗಳು. ಪಂಪ್‌ಹೌಸಿನ ಹುಡುಗರು. ಎಲ್ಲರ ಕಣ್ಣೂ ಅವರ ಮೇಲೆ, ಇನ್ನೂ ಭಕ್ತಿಯಿಂದ. ಅವರು ಡಾಕ್ಟರಮ್ಮನ ಕಿವಿಯ ಹತ್ತಿರ ಬಗ್ಗಿದರು.

"ಏನು? ಗಟ್ಟಿಯಾಗಿ ಹೇಳಿ."

ಇನ್ನೊಮ್ಮೆ ಬಗ್ಗಿದರು.

"ರೀ, ಇದರ ಉಸಿರು ನಿಲ್ತಾ ಇದೆ, ನೀವು ಗುಟ್ಟು ಹೇಳ್ತಾ ಕೂತಿದೀರಾ?"

ನೀರಿನವರು ಜೇಬಿಗೆ ಕೈ ಹಾಕಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಮಾತ್ರೆಗಳು ಗಲಗಲ ಎಂದವು. ಆ ಕೊಠಡಿಯಲ್ಲಿ ಅದೇ ದೊಡ್ಡ ಸದ್ದಾಯಿತು.

"ನಿಲ್ಲಿಸಿಬಿಟ್ಟೆ" ಎಂದರು. "ಒಂದೇ ಸಲ ನಿಲ್ಲಿಸಿಬಿಟ್ಟೆ. ನನ್ನ ಕೈಲಿ ನುಂಗಿಸೋಕಾಗ್ತಿರ್ಲಿಲ್ಲ. ಧ್ಯಾನ ಗೀನ ಏನೂ ಇಲ್ಲ. ನನಗೆ ಕಣ್ಣು ಮುಚ್ಚಿದ್ರೆ ನಿದ್ದೆ ಬರುತ್ತೆ."

"ಡಾಕ್ಟ್ರು ಹೇಳಿದ್ರು ಅಂದ್ರಲ್ಲ ಭಾವ?" ಎಂದಳು ನಾದಿನಿ.

"ನಾನು ಹೇಳಿಲ್ಲ" ಎಂದರು ಡಾಕ್ಟರಮ್ಮ, ಆಗಲೇ ಸೂಜಿಗೆ ಔಷಧಿ ಎಳೆಯುತ್ತ. "ಯಾವ ಡಾಕ್ಟ್ರೂ ಹೇಳಲ್ಲ."

ಸ್ಟೀರಾಯ್ಡ್ ಚುಚ್ಚಿದರು, ಮುಂಗಾಲಿಗೆ ಗ್ಲೂಕೋಸ್ ನೀರಿನ ನಳಿಗೆ ಹಾಕಿದರು, ಬಿಸಿನೀರಿನ ಚೀಲ ಒತ್ತಿಟ್ಟರು. ಕೈ ಕೆಲಸ ಮಾಡುತ್ತಿರುವಾಗಲೇ ಮಾತಾಡಿದರು.

"ಮೂತ್ರಪಿಂಡದ ತಲೆಮೇಲೆ ಒಂದು ಚಿಕ್ಕ ಗ್ರಂಥಿ ಇರುತ್ತೆ. ಭಯ ಆದಾಗ, ಕಾಯಿಲೆ ಬಿದ್ದಾಗ ಮೈಯನ್ನ ಎತ್ತಿ ನಿಲ್ಲಿಸೋ ರಸ ಅಲ್ಲಿಂದ ಬರ್ಬೇಕು. ತಯಾರು ಮಾಡು ಅಂತ ಮೆದುಳು ಆಜ್ಞೆ ಕೊಡ್ಬೇಕು. ಈ ಮಾತ್ರೆ ಅನ್ನೋದು ಅದೇ ರಸದ ದಾಯಾದಿ. ದಿನಾ ಹೊರಗಿಂದ ಬರ್ತಿದ್ರೆ ಮೆದುಳು ಆಜ್ಞೆ ಕೊಡೋದು ಬಿಡುತ್ತೆ, ಗ್ರಂಥಿ ಮಲಗಿಬಿಡುತ್ತೆ. ಅದನ್ನ ಎಬ್ಬಿಸದೆ ನೀವು ಮಾತ್ರೆ ನಿಲ್ಲಿಸಿದ್ರಿ. ಹೊರಗಿಂದೂ ಇಲ್ಲ, ಒಳಗಿಂದೂ ಇಲ್ಲ."

ಸಾಹೇಬರು ತಲೆಗೆ ಕೈ ಹಚ್ಚಿಕೊಂಡರು. "ವಾಲ್ವನ್ನ ನಿಧಾನಕ್ಕೆ ಸುತ್ತು ಸುತ್ತಾಗಿ ಮುಚ್ರೋ ಅಂತ ಊರಿಗೆಲ್ಲಾ ಬೈತೀರಲ್ರೀ ನೀವು!"

ಹೌದು, ಒಡೆದ ಆ ಕೊಳವೆಯ ಮುಂದೆ ನಿಂತು ನೀರಿನವರೇ ಎಲ್ಲರಿಗಿಂತ ಜೋರಾಗಿ ಬೈದಿದ್ದರು.

"ಅಂದ್ರೆ" ಎಂದರು ಕಾರ್ಯದರ್ಶಿಗಳು ಮೆಲ್ಲಗೆ, "ನಾಯಿ, ತಟ್ಟೆ, ಸೈರನ್, ಯಾವುದಕ್ಕೂ ಅಲುಗಲಿಲ್ವಲ್ಲ, ಅದಕ್ಕೆ ಹೆದರಿಕೆ ಹೋಗಿರ್ಲಿಲ್ವಾ?"

"ಹೆದರಿಕೆ ಅದರ ಒಳಗೇ ಇತ್ತು. ಎದ್ದು ಓಡೋಕೆ ಮೈಯಲ್ಲಿ ಏನೂ ಇರ್ಲಿಲ್ಲ. ನೀವು ಹೇಳಿದ್ದೆಲ್ಲಾನೂ ಕೂತಲ್ಲೇ ಅನುಭವಿಸಿದೆ."

ತಾವೆಲ್ಲ ಗೋಡೆಗೊರಗಿ ಕೂತು ಕುಡಿದ ಆ ಶಾಂತಿ ಯಾವ ಬಾವಿಯಿಂದ ಬಂದದ್ದೆಂದು ಒಬ್ಬೊಬ್ಬರಿಗೂ ಹೊಳೆಯುತ್ತಿತ್ತು. ಒಂದು ಜೀವ ಆರಿಹೋಗುತ್ತಿರುವುದರ ಮುಂದೆ ಕೂತು ಅವರು ಹಾಯಾಗಿದ್ದರು.

"ಆದ್ರೂ ನನಗೆ ನಿದ್ದೆ ಬಂದಿದ್ದು ನಿಜ ಕಣ್ರೀ" ಎಂದರು ಟೀಚರಮ್ಮ, ಯಾರಿಗೆಂದಿಲ್ಲದೆ. ಹೇಳಿ, ಸೆರಗು ಹೊದ್ದುಕೊಂಡರು.

ಬೆಚ್ಚಿ ಬದುಕೀತೋ ಇಲ್ಲವೋ ಎಂಬುದು ಮರುದಿನದವರೆಗೂ ತಿಳಿಯಲಿಲ್ಲ. ನೀರಿನವರು ಹೊರಗಿನ ಬೆಂಚಿನ ಮೇಲೆ ಕೂತು ಪ್ರಾರ್ಥಿಸಿದರು. ಈ ಸಲ ದೇವರಿಗೆ ಏನನ್ನೂ ವಿವರಿಸಲಿಲ್ಲ, ಬೇಡಿಕೊಂಡರು ಅಷ್ಟೆ. ಪಕ್ಕದಲ್ಲಿ ಕೂತಿದ್ದ ನಾದಿನಿ ಮಾತು ಬಿಟ್ಟಿದ್ದಳು, ಆದರೆ ಎದ್ದು ಹೋಗಲಿಲ್ಲ.

ಬೆಕ್ಕು ಮನೆಗೆ ಬಂದಾಗ ಜೊತೆಗೆ ಡಾಕ್ಟರಮ್ಮನ ಕಟ್ಟಪ್ಪಣೆಯೂ ಬಂತು. ಮಾತ್ರೆ ಮತ್ತೆ ಶುರು. ವಾರಗಳು ಕಳೆದಂತೆ ಚೂರು ಚೂರೇ ಕಮ್ಮಿ, ಅದೂ ತಾವು ನೋಡಿ ಹೇಳಿದ ಮೇಲೆ. ಒಳಗಿನ ಗ್ರಂಥಿ ಪೂರ್ತಿ ಏಳುವವರೆಗೆ ಬೆಕ್ಕನ್ನು ಯಾರೂ ಬೆಚ್ಚಿಸಕೂಡದು. ಒಂದು ದೊಡ್ಡ ಭಯ ಸಾಕು, ಮತ್ತೆ ಕುಸಿದೀತು.

ಆಗ ಆ ಕಟ್ಟಡದಲ್ಲಿ ಕಂಡ ದೃಶ್ಯವನ್ನು ಹೊರಗಿನವರು ನೋಡಿದ್ದರೆ ಇದು ಯಾವ ಭೂತಗಳ ಮನೆಯಪ್ಪ ಎಂದು ಓಡುತ್ತಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಮೆಟ್ಟಿಲು ಹತ್ತುವ ಗೃಹಸ್ಥರು. ಬಾಯಿಗೆ ಸೆರಗು ಒತ್ತಿ ಕೆಮ್ಮುವ ಹೆಂಗಸರು. ಸನ್ನೆಯಲ್ಲಿ ಜಗಳವಾಡುವ ಗಂಡಹೆಂಡಿರು. ನಾಯಿಯನ್ನು ಟೀಚರಮ್ಮ ತಂಗಿಯ ಮನೆಗೆ ಸಾಗಿಸಿದರು. ಒಳಗೆ ನಾದಿನಿ ಭಾವನ ಎರಡು ಬೆರಳು ಹಿಡಿದು, ದವಡೆ ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂದು ಶಾಲೆಯ ಮಗುವಿಗೆ ಅಕ್ಷರ ತೀಡಿಸಿದಂತೆ ಕಲಿಸಿದಳು. ಬೆಚ್ಚಿ ತಿನ್ನುತ್ತಿತ್ತು, ಮೈ ಬೆಚ್ಚಗಿತ್ತು. ಆದರೂ ಕುರ್ಚಿ ಬಿಟ್ಟು ಇಳಿಯುತ್ತಿರಲಿಲ್ಲ, ಆ ಮೂಲೆಯನ್ನು ನೋಡುವುದನ್ನು ಬಿಟ್ಟಿರಲಿಲ್ಲ. ಅದು ನಿಜವಾಗಿ ಹಿಂದಿರುಗಿದೆಯೇ, ಬರಿಯ ಮೈ ಮಾತ್ರ ಬಂದಿದೆಯೇ ಎಂದು ನೀರಿನವರಿಗೆ ದಿನವೂ ಅನುಮಾನ.

ಹೀಗೆ ಮಾತ್ರೆ ಕಾಲು ಭಾಗಕ್ಕೆ ಇಳಿದಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ತುದಿಗಾಲಲ್ಲಿ ಇಳಿಯುತ್ತಿದ್ದ ಕಾರ್ಯದರ್ಶಿಗಳ ಕೈಯಿಂದ ಬೀಗದ ಕೈಗಳ ಗೊಂಚಲು ಜಾರಿತು. ಅದು ಒಂದು ಮೆಟ್ಟಿಲಿಗೆ ಬಿದ್ದು ನಿಲ್ಲಲಿಲ್ಲ. ಝಣ್ ಝಣ್ ಎಂದು ಇಡೀ ಕಟ್ಟಡವನ್ನು ಇಳಿದುಕೊಂಡು ಹೋಯಿತು.

ಎಲ್ಲ ಮಹಡಿಗಳಲ್ಲೂ ಜನ ನಿಂತಲ್ಲೇ ಕಲ್ಲಾದರು.

ಅಡುಗೆಮನೆಯಿಂದ ನೀರಿನವರು ಓಡಿ ಬಂದರು. ಕುರ್ಚಿ ಖಾಲಿಯಿತ್ತು. ನೆಲಕ್ಕೆ ಕವುಚಿ ಬಿದ್ದು ಮಂಚದ ಕೆಳಗೆ ನೋಡಿದರು. ಆ ಕತ್ತಲಲ್ಲಿ ಎರಡು ದೀಪ ಉರಿಯುತ್ತಿದ್ದವು. ಬೆನ್ನು ಬಿಲ್ಲಾಗಿತ್ತು. ಬಾಲ ಸೀಸೆ ತೊಳೆಯುವ ಬ್ರಷ್ಷಿನಂತೆ ಉಬ್ಬಿತ್ತು.

"ನಾನು ಕಣೇ" ಎಂದರು.

ಬೆಚ್ಚಿ ಹಲ್ಲು ಕಿರಿದು ಅವರ ಮುಖಕ್ಕೇ ಬುಸ್ಸೆಂದಿತು.

ಬಾಗಿಲಾಚೆ ಟೀಚರಮ್ಮ, ನಾದಿನಿ, ಮೇಲಿನವರು, ಕೆಳಗಿನವರು ಉಸಿರು ಬಿಗಿಹಿಡಿದು ನೆರೆದಿದ್ದರು. ಎಲ್ಲರ ಹಿಂದೆ ನಿಂತು ಕಾರ್ಯದರ್ಶಿಗಳು ಅಳುದನಿಯಲ್ಲಿ ಕೇಳಿದರು: "ತಪ್ಪಾಯ್ತು ಕಣ್ರೀ... ಹೆದರಿಬಿಡ್ತಾ?"

ನೀರಿನವರು ಕೆನ್ನೆಯನ್ನು ತಣ್ಣನೆಯ ನೆಲಕ್ಕೆ ಒತ್ತಿ ಹಾಗೇ ಮಲಗಿದ್ದರು. ಕಣ್ಣೀರು ಮೂಗಿನ ಮೇಲಿಂದ ಅಡ್ಡಡ್ಡ ಹರಿಯುತ್ತಿತ್ತು.

"ಹೆದರ್ತು ಸಾರ್!" ಎಂದು ಮಂಚದ ಕೆಳಗಿನಿಂದಲೇ ಕೂಗಿದರು. "ಚೆನ್ನಾಗಿ ಹೆದರ್ತು! ನಿಮಗೆ ಪುಣ್ಯ ಬರ್ಲಿ. ಇನ್ನೊಂದ್ಸಲ ಮಾತ್ರ ಬೀಳಿಸ್ಬೇಡಿ!"